ವಲೆನ್ಸಿಯಾದಲ್ಲಿ ಐದು ದಿನ: ಬೇಸಾಯಗಾರ ತಂದೆ, ಸಸ್ಯಾಹಾರಿ ತಾಯಿ, ಒಂಬತ್ತು ವರ್ಷದ ಮಗ – ಏನೇನು ನೋಡಬಹುದು?

ನಾಲೆಬಯಲು:

ಎಲ್ಲರಿಗೂ ನಮಸ್ಕಾರ. ನಾವು ಮ್ಯೂನಿಕ್‌ನಲ್ಲಿ ನೆಲೆಸಿ ಏಳು ವರ್ಷಗಳಾದವು. ಮೇ ತಿಂಗಳಲ್ಲಿ ಮಂಡ್ಯ ಜಿಲ್ಲೆಯ ನಮ್ಮ ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಜೂನ್ ಮೊದಲ ವಾರ ಮಗನಿಗೆ ಶಾಲೆ ರಜೆ ಇರುವುದರಿಂದ ಐವರೂ ಸೇರಿ ಸ್ಪೇನಿನ ವಲೆನ್ಸಿಯಾಕ್ಕೆ ಹೋಗೋಣವೆಂದು ನಿಶ್ಚಯಿಸಿದ್ದೇವೆ. ಹುಡುಕಿದಾಗ ಸಿಕ್ಕ ಪಟ್ಟಿಗಳಲ್ಲೆಲ್ಲ ಕಡಲತೀರ, ವಸ್ತುಸಂಗ್ರಹಾಲಯ, ರಾತ್ರಿಜೀವನ ಎಂದಿಷ್ಟೇ ಇದೆ. ಅಪ್ಪನಿಗೆ ಎಪ್ಪತ್ತೊಂದು ವರ್ಷ, ಮೊನ್ನೆ ಮೊನ್ನೆಯವರೆಗೂ ಗದ್ದೆಗೆ ಇಳಿಯುತ್ತಿದ್ದವರು. ಕಟ್ಟಡಗಳನ್ನು ಅರ್ಧ ಗಂಟೆ ನೋಡಿದರೆ ಅವರಿಗೆ ಸಾಕೆನಿಸುತ್ತದೆ. ಅಮ್ಮನಿಗೆ ಮಂಡಿನೋವು, ಜೊತೆಗೆ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರ. ಮಗನಿಗೆ ಓಡಾಡುವುದಕ್ಕೆ ಜಾಗ ಸಿಕ್ಕರೆ ಸಾಕು. ಐದು ದಿನಗಳನ್ನು ಹೇಗೆ ಹಂಚಿಕೊಂಡರೆ ಮೂವರಿಗೂ ತೃಪ್ತಿಯಾದೀತು ಎಂಬುದನ್ನು ಅಲ್ಲಿಗೆ ಹೋಗಿ ಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಕರಾವಳಿಗ:

ನಾವು ಇಬ್ಬರು ಮಕ್ಕಳೊಂದಿಗೆ ಹೋಗಿದ್ದೆವು. ಮಗನ ವಿಷಯದಲ್ಲಿ ನೀವು ಚಿಂತಿಸಬೇಕಾಗಿಲ್ಲ. ಕಲೆ ಮತ್ತು ವಿಜ್ಞಾನಗಳ ನಗರಿ ಎಂದು ಕರೆಯುವ ಬಿಳಿಯ ಕಟ್ಟಡಗಳ ಸಮೂಹಕ್ಕೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಬಹುಪಾಲು ಕಟ್ಟಡಗಳು ಆ ಊರಿನಲ್ಲೇ ಹುಟ್ಟಿದ ಸಾಂತಿಯಾಗೊ ಕಲಾತ್ರಾವಾ ಅವರ ವಿನ್ಯಾಸ. ಕಮಲದ ಎಸಳಿನಂತೆ ಬಾಗಿದ ಚಾವಣಿಯಿರುವ ಓಸಿಯಾನೊಗ್ರಾಫಿಕ್ ಎಂಬ ಜಲಚರಾಲಯ ಮಾತ್ರ ಫೆಲಿಕ್ಸ್ ಕಾಂದೇಲಾ ಅವರದು. ಮೀನುಗಳ ನಡುವೆ ಗಾಜಿನ ಸುರಂಗದಲ್ಲಿ ನಡೆಯುವಾಗ ನಮ್ಮ ಚಿಕ್ಕವನು ಮೂರು ಬಾರಿ ಹಿಂದಕ್ಕೆ ಓಡಿ ಮತ್ತೆ ಮೊದಲಿನಿಂದ ಬಂದ. ಜೂನ್‌ನಲ್ಲಿ ಸಮುದ್ರದ ನೀರು ಈಜಲು ಹಿತವಾಗಿರುತ್ತದೆ. ಮಾಲ್ವಾರೋಸಾ ತೀರಕ್ಕೆ ಟ್ರಾಮ್ ಹೋಗುತ್ತದೆ, ಮರಳು ಅಗಲವಾಗಿದೆ, ಅಲೆ ಸಣ್ಣದು. ಮಲ್ಪೆ, ಮರವಂತೆಯ ಮಳೆಗಾಲದ ಕಡಲು ಕಂಡವರಿಗೆ ಅದು ಕೆರೆಯಂತೆ ಶಾಂತವಾಗಿ ಕಂಡರೂ ಮಕ್ಕಳಿಗೆ ಅದೇ ಒಳ್ಳೆಯದು. ಎರಡು ದಿನ ಕಡಲಿಗೆ, ಒಂದು ದಿನ ಈ ಕಟ್ಟಡಗಳಿಗೆ, ಉಳಿದದ್ದು ಹಳೆಯ ಊರಿಗೆ ಎಂದು ಇಟ್ಟುಕೊಳ್ಳಬಹುದು.

ತುರಿಯಾ ತೀರ:

ನಾನು ಆರು ವರ್ಷಗಳಿಂದ ಇದೇ ಊರಿನಲ್ಲಿ ಸಂಶೋಧನೆಯ ಕೆಲಸದಲ್ಲಿದ್ದೇನೆ. ಕರಾವಳಿಗರು ಹೇಳಿದ್ದು ಮಗನ ಮಟ್ಟಿಗೆ ಸರಿಯಾಗಿದೆ. ಆದರೆ ನಿಮ್ಮ ತಂದೆಯವರು ಗದ್ದೆ ಮಾಡಿದವರು ಎಂದು ಓದಿದ ಮೇಲೆ ನನಗೆ ಬೇರೆಯೇ ಒಂದು ದಾರಿ ತೋಚಿತು. ಈ ಊರನ್ನು ನೀರಿನ ಬೆನ್ನು ಹಿಡಿದು ನೋಡಿ. ನದಿ, ನಾಲೆ, ಭತ್ತದ ಬಯಲು, ಕಡಲು ಇಷ್ಟನ್ನೂ ಒಂದಾದ ಮೇಲೊಂದು ನೋಡುತ್ತ ಹೋದರೆ ಊರಿನ ಕಥೆ ತಾನಾಗಿ ತಿಳಿಯುತ್ತದೆ, ಮತ್ತು ಅದರಲ್ಲಿ ಅರ್ಧದಷ್ಟು ನಿಮ್ಮ ತಂದೆಯವರಿಗೆ ಯಾರೂ ವಿವರಿಸಬೇಕಾಗಿಯೇ ಇರುವುದಿಲ್ಲ.

ಮೊದಲು ನದಿ. ತುರಿಯಾ ನದಿ ಹಿಂದೆ ಊರಿನ ಹಳೆಯ ಭಾಗವನ್ನು ಬಳಸಿಕೊಂಡು ಹರಿಯುತ್ತಿತ್ತು. 1957ರ ಅಕ್ಟೋಬರ್ 14ರಂದು ಬಂದ ಪ್ರವಾಹದಲ್ಲಿ 80ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಮೇಲೆ ಸರ್ಕಾರ ಊರಿನ ದಕ್ಷಿಣಕ್ಕೆ ಹೊಸ ಕಾಲುವೆ ತೋಡಿ ನದಿಯನ್ನೇ ಅತ್ತ ತಿರುಗಿಸಿತು. ಒಣಗಿ ಉಳಿದ ಹಳೆಯ ಪಾತ್ರದಲ್ಲಿ ಹೆದ್ದಾರಿ ಹಾಕುವ ಯೋಜನೆಯಿತ್ತು, ಆದರೆ ನದಿಯ ಪಾತ್ರ ನಮ್ಮದು, ಅದು ಹಸಿರಾಗಿರಬೇಕು ಎಂದು ಊರಿನ ಜನ ಹಟ ಹಿಡಿದದ್ದರಿಂದ ಅದು ತೋಟವಾಯಿತು. ಈಗ ಸುಮಾರು 9 ಕಿಲೋಮೀಟರ್ ಉದ್ದದ ಆ ತೋಟದಲ್ಲಿ ನೀವು ನಡೆಯುವಾಗ ತಲೆಯ ಮೇಲೆ ಹಳೆಯ ಕಲ್ಲಿನ ಸೇತುವೆಗಳು ಹಾದುಹೋಗುತ್ತವೆ. ಸೇತುವೆಯ ಕಂಬಗಳ ಬುಡದಲ್ಲಿ ನೀರು ಸೀಳಲೆಂದು ಕಟ್ಟಿದ ಮೊನಚು ಕಲ್ಲುಗಳು ಈಗ ಹುಲ್ಲಿನ ನಡುವೆ ನಿಂತಿವೆ. ಇಡೀ ದಾರಿ ಸಮತಟ್ಟಾಗಿರುವುದರಿಂದ ತಾಯಿಯವರಿಗೂ ಕಷ್ಟವಾಗುವುದಿಲ್ಲ, ಅಲ್ಲಲ್ಲಿ ನೆರಳು ಮತ್ತು ಕಲ್ಲುಬೆಂಚುಗಳಿವೆ. ಮಗನಿಗೆಂದು ಅಲ್ಲಿಯೇ ಗಲಿವರ್ ಎಂಬ ಆಟದ ಅಂಗಳವಿದೆ. 70 ಮೀಟರ್ ಉದ್ದದ ಮಲಗಿದ ದೈತ್ಯನ ಮೈಮೇಲೆ ಏರಿ, ಅವನ ಬಟ್ಟೆಯ ಮಡಿಕೆಗಳಲ್ಲಿ ಜಾರುತ್ತ ಮಕ್ಕಳು ಮನೆಯನ್ನೇ ಮರೆಯುತ್ತಾರೆ. ಮಧ್ಯಾಹ್ನ ಆ ಜಾರುಬಂಡೆಗಳು ಕಾದಿರುತ್ತವೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ. ಕರಾವಳಿಗರು ಹೇಳಿದ ಬಿಳಿಯ ಕಟ್ಟಡಗಳೂ ಇದೇ ಒಣ ಪಾತ್ರದ ಕೆಳಭಾಗದಲ್ಲಿವೆ.

ಎರಡನೆಯದು ಗುರುವಾರ. ನಿಮ್ಮ ಐದು ದಿನಗಳಲ್ಲಿ ಒಂದು ಗುರುವಾರ ಇರಲೇಬೇಕು, ಇಲ್ಲದಿದ್ದರೆ ಟಿಕೆಟ್ ಬದಲಾಯಿಸಿಕೊಳ್ಳಿ ಎನ್ನುವಷ್ಟು ಒತ್ತಿ ಹೇಳುತ್ತೇನೆ. ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ದೊಡ್ಡ ಚರ್ಚಿನ ಅಪೊಸ್ತಲರ ಬಾಗಿಲ ಮುಂದೆ ನೀರಿನ ನ್ಯಾಯಮಂಡಳಿ ಸೇರುತ್ತದೆ. ತುರಿಯಾ ನದಿಯಿಂದ ಹೊರಡುವ ಎಂಟು ನಾಲೆಗಳಿಗೆ ರೈತರೇ ಆರಿಸಿದ ಎಂಟು ಜನ, ಅವರೂ ರೈತರೇ, ಕಪ್ಪು ನಿಲುವಂಗಿ ತೊಟ್ಟು ವೃತ್ತಾಕಾರದಲ್ಲಿ ಕುಳಿತು ಸರದಿ ತಪ್ಪಿಸಿ ನೀರು ತಿರುಗಿಸಿದವರ, ನಾಲೆ ಹೂಳು ತೆಗೆಯದವರ, ಪಕ್ಕದ ಗದ್ದೆಗೆ ನೀರು ನುಗ್ಗಿಸಿದವರ ತಕರಾರುಗಳನ್ನು ಕೇಳುತ್ತಾರೆ. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲಿ, ತೀರ್ಪು ಅಲ್ಲಿಯೇ. ತಕರಾರು ಯಾವ ನಾಲೆಯದೋ ಆ ನಾಲೆಯ ಪ್ರತಿನಿಧಿ ತೀರ್ಪಿನಲ್ಲಿ ಸೇರುವುದಿಲ್ಲ. ಅರಬರ ಆಳ್ವಿಕೆಯ ಕಾಲದಿಂದ ಬಂದ ಪದ್ಧತಿ ಇದು, 2009ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಎಷ್ಟೋ ಗುರುವಾರ ಒಂದು ತಕರಾರೂ ಇರುವುದಿಲ್ಲ, ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಆದರೂ ಹನ್ನೊಂದೂವರೆಗೇ ಹೋಗಿ ಮುಂದೆ ನಿಲ್ಲಿ.

ಹಂಪೆಯ ದಾರಿ:

ತುರಿಯಾ ತೀರದವರ ಮಾತಿಗೆ ಒಂದು ಸೇರ್ಪಡೆ. ನ್ಯಾಯಮಂಡಳಿ ಸೇರುವ ಅದೇ ಚೌಕದಲ್ಲಿ ಒಂದು ಕಾರಂಜಿ ಇದೆ. ನಡುವೆ ಒರಗಿ ಮಲಗಿರುವ ಗಂಡಸು ತುರಿಯಾ ನದಿ, ಸುತ್ತ ಕೊಡ ಹಿಡಿದು ನೀರು ಸುರಿಯುತ್ತಿರುವ ಎಂಟು ಹೆಣ್ಣುಮಕ್ಕಳು ಎಂಟು ನಾಲೆಗಳು. ಹೆಚ್ಚಿನವರು ಅದರ ಮುಂದೆ ಚಿತ್ರ ತೆಗೆಸಿಕೊಳ್ಳುತ್ತಾರೆ, ಎಣಿಸುವುದಿಲ್ಲ. ಮಗನಿಗೆ ಎಣಿಸಲು ಹೇಳಿ.

ಕಟ್ಟಡಗಳಲ್ಲಿ ಒಂದನ್ನು ಮಾತ್ರ ತಂದೆಯವರಿಗೆ ತಪ್ಪಿಸಬೇಡಿ. ಲೊಂಜಾ ಎಂಬ ರೇಷ್ಮೆ ಸಂತೆಮನೆ, 1482ರಲ್ಲಿ ಕಟ್ಟಲು ತೊಡಗಿದ್ದು, 1996ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಹಗ್ಗ ಹೊಸೆದಂತೆ ತಿರುಚಿಕೊಂಡು ಮೇಲೇರುವ ಕಂಬಗಳ ನಡುವೆ ನಿಂತು ಗೋಡೆಯ ಮೇಲ್ಭಾಗವನ್ನು ನೋಡಿದರೆ ಸುತ್ತಲೂ ಲ್ಯಾಟಿನ್ ಬರಹವಿದೆ. ಮಾತಿನಲ್ಲಿ ಮೋಸವಿಲ್ಲದ, ಕೊಟ್ಟ ಮಾತಿಗೆ ತಪ್ಪದ, ಬಡ್ಡಿಗೆ ಹಣ ಹಾಕದ ವ್ಯಾಪಾರ ಎಷ್ಟು ಒಳ್ಳೆಯದೆಂದು ನೋಡು ಎಂಬುದು ಅದರ ಸಾರಾಂಶ. ಮಂಡ್ಯದ ಕಡೆ ಹಿಪ್ಪುನೇರಳೆ ಬೆಳೆದು ರಾಮನಗರದ ಮಾರುಕಟ್ಟೆಗೆ ಗೂಡು ಹೊತ್ತುಕೊಂಡು ಹೋಗಿ ಹರಾಜಿಗೆ ಕಾದವರು ನಿಮ್ಮ ಕುಟುಂಬದಲ್ಲಿ ಯಾರಾದರೂ ಇದ್ದರೆ ಆ ಸಾಲುಗಳನ್ನು ಅವರಿಗೆ ಅನುವಾದಿಸಿ ಹೇಳಿ. ಎದುರಿಗೇ 1928ರಲ್ಲಿ ತೆರೆದ ಕೇಂದ್ರ ಮಾರುಕಟ್ಟೆ ಇದೆ. ಅದು ಭಾನುವಾರ ತೆರೆಯುವುದಿಲ್ಲ, ಮಧ್ಯಾಹ್ನ ಮೂರಕ್ಕೆಲ್ಲ ಮುಚ್ಚಿಬಿಡುತ್ತದೆ. ಚರ್ಚಿನ ಮಿಗೆಲೆತೆ ಗೋಪುರಕ್ಕೆ 207 ಮೆಟ್ಟಿಲು, ಸುತ್ತುಮೆಟ್ಟಿಲು ಬೇರೆ. ತಾಯಿಯವರನ್ನು ಕೆಳಗೆ ಚೌಕದಲ್ಲಿ ಕೂರಿಸಿ ಮಗನೊಂದಿಗೆ ನೀವು ಹತ್ತಬಹುದು.

ಒಂದು ದಿನ ಹೊರಗೆ ಹೋಗಲು ಬೆಟ್ಟದ ಮೇಲೆ ಕೋಟೆಯಿರುವ ಶಾತಿವಾ ಎಂಬ ಊರು ಚೆನ್ನಾಗಿದೆ. ಸ್ಪೇನಿನ ರಾಜ ಐದನೆಯ ಫಿಲಿಪ್ 1707ರಲ್ಲಿ ಆ ಊರಿಗೆ ಬೆಂಕಿ ಇಡಿಸಿದ. ಅದಕ್ಕಾಗಿ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅವನ ಭಾವಚಿತ್ರವನ್ನು ಇಂದಿಗೂ ತಲೆಕೆಳಗಾಗಿ ನೇತುಹಾಕಿದ್ದಾರೆ. ಒಂದು ಎಚ್ಚರಿಕೆ: ಉತ್ತರ ನಿಲ್ದಾಣದ ಪಕ್ಕದ ಮೆಟ್ರೊ ನಿಲುಗಡೆಯ ಹೆಸರೂ ಶಾತಿವಾ. ನಾನು ಮೆಟ್ರೊದಲ್ಲಿ ಆ ಹೆಸರು ಕಂಡು ಇಳಿದು ಕೋಟೆ ಎಲ್ಲಿ ಎಂದು ಕೇಳಿದ್ದೆ. ಆ ಹೆಸರು ಅಲ್ಲಿನ ರಸ್ತೆಯದು, ಊರಿಗೆ ಅಲ್ಲಿಂದ ಉಪನಗರ ರೈಲು ಹಿಡಿಯಬೇಕು.

ಅಡುಗೆಮನೆಯಿಂದ:

ಊಟದ ವಿಷಯವನ್ನು ಯಾರೂ ಎತ್ತಲಿಲ್ಲ, ಅಮ್ಮನವರ ಕಷ್ಟ ನನಗೆ ಗೊತ್ತು. ನಾನೂ ಸಸ್ಯಾಹಾರಿ, ಎರಡು ಬಾರಿ ಅಲ್ಲಿ ಹತ್ತು ಹತ್ತು ದಿನ ಇದ್ದೆ. ಮೊದಲ ಬಾರಿ ಮಾಂಸ ಬೇಡ ಎಂದು ಸ್ಪಷ್ಟವಾಗಿ ಹೇಳಿದ್ದರೂ ಒಂದು ಹೋಟೆಲಿನಲ್ಲಿ ತರಕಾರಿಯ ತಟ್ಟೆಯಲ್ಲಿ ಹಂದಿಮಾಂಸದ ಸಣ್ಣ ಚೂರುಗಳು ಬಂದವು. ಬಡಿಸಿದವರು ಬೇಕೆಂದು ಮಾಡಿದ್ದಲ್ಲ, ಅಲ್ಲಿ ಅನೇಕರಿಗೆ ಆ ಚೂರುಗಳು ಒಗ್ಗರಣೆಯ ಲೆಕ್ಕ, ಮಾಂಸದ ಲೆಕ್ಕವಲ್ಲ. ಆದ್ದರಿಂದ ಮಾಂಸ, ಮೀನು, ಹಾಮೋನ್ (ಉಪ್ಪು ಹಚ್ಚಿ ಒಣಗಿಸಿದ ಹಂದಿಮಾಂಸ), ಕೋಳಿಯ ಸಾರು, ಮೊಟ್ಟೆ ಇವುಗಳಲ್ಲಿ ಒಂದೂ ಬೇಡವೆಂದು ಒಂದೊಂದನ್ನೂ ಬಿಡಿಸಿ ಸ್ಪ್ಯಾನಿಷ್‌ನಲ್ಲಿ ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸಿ. ಆಲೂಗಡ್ಡೆಯ ತೋರ್ತಿಯಾದಲ್ಲಿ ಮೊಟ್ಟೆ ಇರುತ್ತದೆ ಎಂಬುದನ್ನೂ ನೆನಪಿಡಿ.

ಅಗಲ ಬಾಣಲೆಯಲ್ಲಿ ಬೇಯಿಸುವ ಪಾಯೆಯಾ ಎಂಬ ಅನ್ನದ ಅಡುಗೆ ಹುಟ್ಟಿದ್ದೇ ಈ ಬಯಲಿನಲ್ಲಿ. ಅಲ್ಲಿನವರ ಮೂಲ ಪಾಕದಲ್ಲಿ ಕೋಳಿ, ಮೊಲ, ಚಪ್ಪಟೆ ಹುರುಳಿಕಾಯಿ, ಟೊಮೆಟೊ, ಕೇಸರಿ, ಮತ್ತು ಗರ್ರೊಫೊ ಎಂಬ ದೊಡ್ಡ ಬಿಳಿಯ ಕಾಳು ಇರುತ್ತವೆ. ಆ ಕಾಳು ನಮ್ಮ ಡಬಲ್ ಬೀನ್ಸ್ ಜಾತಿಗೇ ಸೇರಿದ್ದು, ಬಾಯಲ್ಲಿಟ್ಟ ಕೂಡಲೇ ಗುರುತು ಸಿಗುತ್ತದೆ. ತರಕಾರಿಯ ಪಾಯೆಯಾ ಬೇಕೆಂದರೆ ಹಿಂದಿನ ದಿನವೇ ದೂರವಾಣಿ ಮಾಡಿ, ಸಾರು ತರಕಾರಿಯದೇ ಆಗಿರಬೇಕೆಂದು ಹೇಳಿ. ಸಾಮಾನ್ಯವಾಗಿ ಕನಿಷ್ಠ ಇಬ್ಬರಿಗೆಂದು ಮಾಡುತ್ತಾರೆ. ಇದು ಮಧ್ಯಾಹ್ನದ ಊಟ, ಎರಡು ಗಂಟೆಯ ಹೊತ್ತಿಗೆ ತಿನ್ನುವಂಥದ್ದು, ರಾತ್ರಿ ಹೊತ್ತು ಅಲ್ಲಿನ ಮನೆಗಳಲ್ಲಿ ಮಾಡುವುದಿಲ್ಲ. ಅಗಲ ಬಾಣಲೆಯ ತಳದಲ್ಲಿ ಅಂಟಿದ ಕಂದು ಪದರವನ್ನು ಸೊಕರ್ರಾತ್ ಎನ್ನುತ್ತಾರೆ. ನಮ್ಮ ಅಜ್ಜಿ ಪಾತ್ರೆಯ ತಳದಿಂದ ಸೀಕಲು ಕೆರೆದು ತುಪ್ಪ ಹಚ್ಚಿ ನಮಗೆ ಕೊಡುತ್ತಿದ್ದರು. ಅಲ್ಲಿಯೂ ಆ ಪದರಕ್ಕೆ ಮನೆಮಂದಿ ಚಮಚ ಹಿಡಿದು ಕಾಯುತ್ತಾರೆ.

ಇನ್ನು ಒರ್ಚಾತಾ. ಅಲ್ಬೊರಾಯಾ ಎಂಬ ಪಕ್ಕದ ಊರಿಗೆ ಮೆಟ್ರೊ ಮೂರನೆಯ ಮಾರ್ಗದಲ್ಲಿ ಹೋಗಿ. ಚೂಫಾ ಎಂಬ ಗಡ್ಡೆಯನ್ನು ನೆನೆಸಿ, ರುಬ್ಬಿ, ಹಿಂಡಿ ಸಕ್ಕರೆ ಬೆರೆಸಿದ ತಣ್ಣನೆಯ ಹಾಲು ಅದು. ಹಸುವಿನ ಹಾಲಿನ ಒಂದು ತೊಟ್ಟೂ ಅದರಲ್ಲಿಲ್ಲ. ನಮ್ಮ ಗದ್ದೆಯ ಬದುಗಳಲ್ಲಿ ಕಳೆಯೆಂದು ಕಿತ್ತೆಸೆಯುವ ಕೊನ್ನಾರಿ ಗಡ್ಡೆಯ ಕುಲಕ್ಕೇ ಚೂಫಾ ಸೇರುತ್ತದೆ. ಅಲ್ಲಿ ಅದನ್ನು ಸಾಲು ಹಾಕಿ, ನೀರು ಕಟ್ಟಿ ಬೆಳೆಯುತ್ತಾರೆ. ಜೊತೆಗೆ ಕೊಡುವ ಫಾರ್ತೊನ್ ಎಂಬ ಉದ್ದನೆಯ ಮೆತ್ತನೆ ಬನ್ನಿನಲ್ಲಿ ಮೊಟ್ಟೆ ಇರುವುದರಿಂದ ಅಮ್ಮನವರಿಗೆ ಅದು ಬೇಡ.

ನಾಲೆಬಯಲು:

ಎಲ್ಲರಿಗೂ ಧನ್ಯವಾದಗಳು. ಗುರುವಾರ ಒಳಗೊಳ್ಳುವಂತೆ ದಿನಾಂಕ ಹೊಂದಿಸಿಕೊಂಡೆವು. ತುರಿಯಾ ತೀರದವರು ಭತ್ತದ ಬಯಲಿನ ಬಗ್ಗೆ ಬರೆಯುವುದಾಗಿ ಹೇಳಿ ಅರ್ಧಕ್ಕೆ ನಿಲ್ಲಿಸಿದ್ದಾರೆ. ಜೂನ್‌ನಲ್ಲಿ ಗದ್ದೆಯಲ್ಲಿ ಪೈರು ಇರುತ್ತದೆಯೇ, ಅಥವಾ ಒಣ ನೆಲ ನೋಡಿ ಬರಬೇಕೇ?

ತುರಿಯಾ ತೀರ:

ಕ್ಷಮಿಸಿ, ಕೆಲಸದ ನಡುವೆ ನಿಂತುಹೋಯಿತು. ನೀವು ಆರಿಸಿಕೊಂಡ ಸಮಯ ಒಳ್ಳೆಯದು. ಊರಿನಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಅಲ್ಬುಫೆರಾ ಎಂಬ ಸಿಹಿನೀರಿನ ದೊಡ್ಡ ಸರೋವರವಿದೆ. ಆಳ ಹೆಚ್ಚಿನ ಕಡೆ ಒಂದು ಮೀಟರಿನಷ್ಟೇ. ಅದಕ್ಕೂ ಕಡಲಿಗೂ ನಡುವೆ ಪೈನ್ ಮರಗಳ ಕಾಡು ಬೆಳೆದ ಮರಳ ದಿಬ್ಬ, ಉಳಿದ ಮೂರು ದಿಕ್ಕಿಗೂ ಗದ್ದೆ. ಮಾರ್ಚ್, ಏಪ್ರಿಲ್‌ನಲ್ಲಿ ಬಂದವರು ಉತ್ತ ಒಣ ಮಣ್ಣನ್ನು ನೋಡಿ ನಿರಾಶರಾಗುತ್ತಾರೆ. ಮೇ ತಿಂಗಳಲ್ಲಿ ನೀರು ಕಟ್ಟಿ ಬಿತ್ತುತ್ತಾರೆ, ಜೂನ್ ಮೊದಲ ವಾರದ ಹೊತ್ತಿಗೆ ನೀರಿನ ಮೇಲೆ ಎಳೆಯ ಪೈರು ತಲೆ ಎತ್ತಿರುತ್ತದೆ, ಸೆಪ್ಟೆಂಬರ್‌ನಲ್ಲಿ ಕೊಯ್ಲು. ನಮ್ಮಲ್ಲಿಯಂತೆ ಒಟ್ಟಲು (ಸಸಿಮಡಿ) ಬಿಟ್ಟು ನಾಟಿ ಮಾಡುವುದಿಲ್ಲ, ನೇರವಾಗಿ ಚೆಲ್ಲುತ್ತಾರೆ. ಕಡಲಿಗೆ ಸೇರುವ ಬಾಯಿಗಳಲ್ಲಿ ತೂಬುಗಳಿವೆ, ಬೆಳೆಗೆ ಬೇಕಾದಂತೆ ಅವನ್ನು ತೆರೆದು ಮುಚ್ಚಿ ಇಡೀ ಸರೋವರದ ಮಟ್ಟವನ್ನೇ ಹಿಡಿದಿಡುತ್ತಾರೆ.

ನಗರದ ಬಸ್ಸುಗಳಲ್ಲಿ 24ನೆಯ ಸಂಖ್ಯೆಯದು ಎಲ್ ಪಾಲ್ಮಾರ್ ಹಳ್ಳಿಗೆ ಹೋಗುತ್ತದೆ. ಮಧ್ಯಾಹ್ನ ಅಲ್ಲಿಯೇ ಊಟ ಮಾಡಿ, ಬಿಸಿಲು ಇಳಿದ ಮೇಲೆ ದೋಣಿ ಹತ್ತಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಆದ್ದರಿಂದ ಹಿಂದಿರುಗುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ನೋಡಿಕೊಳ್ಳಿ. ಊರೊಳಗೆ ಕಬನ್ಯಾಲ್ ಎಂಬ ಹಳೆಯ ಬೆಸ್ತರ ಬಡಾವಣೆಯಲ್ಲಿ ಹಿಂದಿನ ಅಕ್ಕಿ ಗಿರಣಿಯೊಂದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಮರದ ಕೊಳವೆಗಳು, ಪಟ್ಟಿ ಹಾಕಿದ ಚಕ್ರಗಳೆಲ್ಲ ಹಾಗೇ ಇವೆ. ಕಡಲಿಗೆ ಹೋಗುವ ದಿನ ಅದನ್ನು ಸೇರಿಸಿಕೊಳ್ಳಬಹುದು.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ಈ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 1957ರ ನಂತರ ತೋಡಿದ ಕಾಲುವೆಯಿಂದ ಹಳೆಯ ಊರು ಉಳಿಯಿತು, ಅದರಾಚೆ ದಕ್ಷಿಣದ ಪಾಯ್‌ಪೋರ್ತಾ, ಕತರೋಜಾ ಮುಂತಾದ ಊರುಗಳು ಮುಳುಗಿದವು. ಆ ಕೆಸರು ಹರಿದು ಬಂದು ಸೇರಿದ್ದೂ ಅಲ್ಬುಫೆರಾಕ್ಕೇ. ನನ್ನ ಜೊತೆ ಕೆಲಸ ಮಾಡುವವರ ಮನೆಯಲ್ಲಿ ಎದೆಮಟ್ಟದ ಕೆಸರನ್ನು ಸಲಿಕೆಯಿಂದ ಎತ್ತಿ ಹಾಕಿದ ವಾರಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿವೆ. ಅಲ್ಲಿನವರು ಆ ದಿನದ ಮಾತೆತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ. ಅಕ್ಕಿ ಕೊಳ್ಳುವುದಿದ್ದರೆ ಈ ಬಯಲಿನ ರೈತರ ಅಕ್ಕಿಯನ್ನೇ ಕೊಂಡುಕೊಳ್ಳಿ.

ಕರಾವಳಿಗ:

ನಾನು ಕಡಲಿಗೆ ಎರಡು ದಿನ ಎಂದಿದ್ದೆ. ಇದನ್ನೆಲ್ಲ ಓದಿದ ಮೇಲೆ ಒಂದು ದಿನ ಸಾಕೆನಿಸುತ್ತದೆ. ಅದನ್ನೂ ಊರಿನ ತೀರದಲ್ಲಿ ಕಳೆಯುವ ಬದಲು ಅಲ್ಬುಫೆರಾದ ದಾರಿಯಲ್ಲೇ ಸಿಗುವ ಎಲ್ ಸಲೇರ್ ತೀರದಲ್ಲಿ ಕಳೆಯಿರಿ. ಪೈನ್ ಮರಗಳ ನೆರಳಿನಲ್ಲಿ ತಾಯಿಯವರು ಕೂರಬಹುದು.

ನಾಲೆಬಯಲು:

ಹೋಗಿ ಬಂದೆವು. ಹೇಳಿದವರಿಗೆಲ್ಲ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಮೊದಲ ದಿನ ತುರಿಯಾ ತೋಟ. ಅಪ್ಪ ಸೇತುವೆಯ ಕೆಳಗೆ ನಿಂತು ಕಲ್ಲಿನ ಮೇಲೆ ಕೈಯಾಡಿಸಿ, ಇಲ್ಲಿಯವರೆಗೆ ನೀರು ಬರುತ್ತಿತ್ತೇನಪ್ಪ ಎಂದು ಕೇಳಿದರು. ಜಲಚರಾಲಯಕ್ಕೆ ಅರ್ಧ ದಿನ ಸಾಕಾಯಿತು. ಶಾತಿವಾವನ್ನು ಬಿಟ್ಟುಬಿಟ್ಟೆವು, ಅಮ್ಮನ ಮಂಡಿಗೆ ಕೋಟೆಯ ಏರು ಬೇಡವೆನಿಸಿತು. ಒರ್ಚಾತಾ ಅಮ್ಮನಿಗೆ ಹಿಡಿಸಿತು. ಅಪ್ಪನಿಗೆ ಕೊನ್ನಾರಿಯ ವಿಷಯ ಹೇಳಿದಾಗ ಅವರು ಲೋಟವನ್ನು ಕೆಳಗಿಟ್ಟು, ಆ ಗಡ್ಡೆ ಕೀಳಲು ಕೂಲಿ ಕೊಟ್ಟ ವರ್ಷಗಳ ಲೆಕ್ಕ ಹೇಳತೊಡಗಿದರು.

ಗುರುವಾರ ಹನ್ನೊಂದೂವರೆಗೇ ಚೌಕದಲ್ಲಿದ್ದೆವು. ಗಂಟೆ ಹನ್ನೆರಡು ಹೊಡೆಯಿತು. ಎಂಟು ಜನ ಬಂದು ಕುಳಿತರು, ದಫೇದಾರನಂತಿದ್ದವರೊಬ್ಬರು ಒಂದೊಂದು ನಾಲೆಯ ಹೆಸರನ್ನೂ ಕೂಗಿ ಆರೋಪಿಗಳನ್ನು ಕರೆದರು. ಯಾರೂ ಮುಂದೆ ಬರಲಿಲ್ಲ. ಐದಾರು ನಿಮಿಷಗಳಲ್ಲಿ ಎಲ್ಲರೂ ಎದ್ದರು, ಸುತ್ತಲಿನ ಗುಂಪು ಚದುರಿತು. ಅಪ್ಪ ಮಾತ್ರ ಅಲ್ಲಿಯೇ ನಿಂತಿದ್ದರು. ನಮ್ಮೂರಿನಲ್ಲಿ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಯನ್ನು ಅವರು ಚಿಕ್ಕಂದಿನಲ್ಲಿ ಕಂಡಿದ್ದರು. ಆಮೇಲೆ ಸರದಿಯ ಮೇಲೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ನಾಲೆಯ ನೀರಿಗೆ ಕಾದು, ಕೊನೆಯ ಭಾಗಕ್ಕೆ ನೀರು ಬಾರದ ವರ್ಷ ರಾತ್ರಿಯೆಲ್ಲ ಏರಿಯ ಮೇಲೆ ಮಲಗಿದವರು. ಕಪ್ಪು ನಿಲುವಂಗಿಯ ಒಬ್ಬರು ಹೊರಡುವಾಗ ಅಪ್ಪ ಕೈಮುಗಿದರು, ಅವರು ನಿಂತು ಕೈ ಕುಲುಕಿದರು. ನನಗೆ ಬರುವ ಹರಕು ಸ್ಪ್ಯಾನಿಷ್‌ನಲ್ಲಿ ಇವರೂ ಭತ್ತದ ರೈತರೆಂದು ಹೇಳಿದೆ. ಅವರು ಅಪ್ಪನ ಅಂಗೈಯನ್ನು ತಿರುಗಿಸಿ ನೋಡಿ ತಲೆಯಾಡಿಸಿದರು.

ಅಲ್ಬುಫೆರಾದಲ್ಲಿ ಪೈರು ಗೇಣುದ್ದ ಎದ್ದಿತ್ತು. ಚೆಲ್ಲಿ ಬೆಳೆದ ಪೈರು ಇಷ್ಟು ಸಮನಾಗಿ ಬಂದದ್ದು ಹೇಗೆ, ಮಡಿಯ ನೆಲ ಎಷ್ಟು ಮಟ್ಟವಾಗಿರಬೇಕು ಎಂದು ಅಪ್ಪ ದೋಣಿಯ ಅಂಚಿನಿಂದ ಬಗ್ಗಿ ನೋಡುತ್ತಲೇ ಇದ್ದರು. ಮಗ ಬೆಳ್ಳಕ್ಕಿಗಳನ್ನು ನಲವತ್ತೆರಡರವರೆಗೆ ಎಣಿಸಿ ನಿಲ್ಲಿಸಿದ. ಬರುವಾಗ ಎರಡು ಕಿಲೋ ಬೊಂಬಾ ಅಕ್ಕಿ ತಂದೆವು. ಅಮ್ಮ ನಿನ್ನೆ ಅದರಲ್ಲಿ ಮೊಸರನ್ನ ಮಾಡಿದರು, ಎಷ್ಟು ಮಸೆದರೂ ಕಾಳು ಕಾಳಾಗಿಯೇ ಉಳಿಯಿತು. ಇದಕ್ಕೆ ಏನು ಮಾಡಬೇಕು?

ಅಡುಗೆಮನೆಯಿಂದ:

ಬೊಂಬಾ ಅಕ್ಕಿಯ ಗುಣವೇ ಅದು, ಸಾರನ್ನು ಬೇಕಾದಷ್ಟು ಹೀರಿಕೊಂಡರೂ ಒಡೆಯುವುದಿಲ್ಲ, ಪಾಯೆಯಾಕ್ಕೆ ಅದು ಬೇಕು. ಮೊಸರನ್ನಕ್ಕೆ ಅದೇ ಬಯಲಿನ ಸೆನಿಯಾ ತಳಿಯನ್ನು ಕೊಳ್ಳಬೇಕಿತ್ತು, ಅದು ಮೆತ್ತಗೆ ಬೇಯುತ್ತದೆ. ಈಗ ಇರುವ ಬೊಂಬಾದಲ್ಲಿ ಚಿತ್ರಾನ್ನ ಅಥವಾ ಪುಳಿಯೋಗರೆ ಮಾಡಲು ಅಮ್ಮನವರಿಗೆ ಹೇಳಿ. ನೀರು ಮಾತ್ರ ನಮ್ಮ ಸೋನಾ ಮಸೂರಿಗೆ ಇಡುವುದಕ್ಕಿಂತ ಒಂದು ಲೋಟ ಹೆಚ್ಚಿಗೆ ಇಡಲಿ.